ಎ ಲೆವೆಲ್ ಜರ್ಮನ್: ಮನೆಯ ಕನ್ನಡದ ಜೊತೆ ಓದುವುದು ಹೇಗೆ

ನಿಮ್ಮ ಮಗಳೋ ಮಗನೋ ಹದಿನಾರು ವರ್ಷಕ್ಕೆ ಬಂದು "ನಾನು ಎ ಲೆವೆಲ್‌ಗೆ ಜರ್ಮನ್ ತಗೋತೀನಿ" ಅಂದರೆ ತಕ್ಷಣ ಬೇಡ ಅನ್ನಬೇಡಿ. ನಾನು ಅಂದಿದ್ದೆ. ಎ ಲೆವೆಲ್ ಅಂದರೆ ಇಂಗ್ಲೆಂಡಿನಲ್ಲಿ ನಮ್ಮ ಪಿಯುಸಿ ಹಾಗೆ ಎರಡು ವರ್ಷದ ಓದು. ಮೂರೇ ಮೂರು ವಿಷಯ ಓದುವುದು, ಅದರಲ್ಲಿ ಒಂದು ಭಾಷೆಗೆ ಹೋದರೆ ಗಣಿತ, ಕೆಮಿಸ್ಟ್ರಿ ಜೊತೆಗೆ ಇನ್ನೊಂದು ವಿಜ್ಞಾನ ಬಿಟ್ಟುಹೋಗುತ್ತಲ್ಲ ಅನ್ನುವ ಚಿಂತೆ. ಒಂದು ವಾರ ಮನೆಯಲ್ಲಿ ಇದೇ ಮಾತು. ಕೊನೆಗೆ ಮಗಳು ಗಣಿತ, ಕೆಮಿಸ್ಟ್ರಿ, ಜರ್ಮನ್ ತೆಗೆದುಕೊಂಡಳು. ಆ ಎರಡು ವರ್ಷ ಅವಳ ಪಕ್ಕದಲ್ಲಿ ಕೂತು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಆರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ್ದೇನೆ. ಮಗಳಿಗೆ ಒಂಬತ್ತು ತುಂಬಿದಾಗ ಇಂಗ್ಲೆಂಡಿನ ರೆಡಿಂಗ್‌ಗೆ ಬಂದೆವು. ಜರ್ಮನ್ ನನಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಅವಳಿಗೆ ಹೇಳಿಕೊಡಲು ನನ್ನ ಹತ್ತಿರ ಏನೋ ಇತ್ತು ಅನ್ನುವುದು ನಿಧಾನವಾಗಿ ಗೊತ್ತಾಯಿತು. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಜರ್ಮನ್ ವ್ಯಾಕರಣದ ಅರ್ಧ ಆಗಲೇ ಬರುತ್ತೆ. ಅದು ಬರುತ್ತೆ ಅಂತ ಅದಕ್ಕೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಸೇರುವ ಮೊದಲು

ಜಿಸಿಎಸ್‌ಇಯಲ್ಲಿ (ಹದಿನಾರರ ಹೊತ್ತಿಗೆ ಬರೆಯುವ, ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಜರ್ಮನ್ ಓದಿರಬೇಕು. ಸಾಮಾನ್ಯವಾಗಿ ಶಾಲೆಗಳು 6 ಅಥವಾ 7ನೇ ಗ್ರೇಡ್ (9 ಅಂದರೆ ಅತಿ ಹೆಚ್ಚು) ಕೇಳುತ್ತವೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಈ ವರ್ಷ ತರಗತಿ ನಡೆಯುತ್ತಾ? ಇಂಗ್ಲೆಂಡಿನಲ್ಲಿ 2004ರಿಂದ 14 ವರ್ಷದ ಮೇಲೆ ವಿದೇಶಿ ಭಾಷೆ ಕಡ್ಡಾಯ ಅಲ್ಲ. ಅದಾದ ಮೇಲೆ ಜರ್ಮನ್ ಓದುವವರು ತುಂಬ ಕಡಿಮೆಯಾದರು. ಈಗ ಎ ಲೆವೆಲ್ ಜರ್ಮನ್ ಬರೆಯುವವರು ವರ್ಷಕ್ಕೆ ಮೂರು ಸಾವಿರವೂ ಇಲ್ಲ. ಮೂರ್ನಾಲ್ಕು ಮಕ್ಕಳಷ್ಟೇ ಇದ್ದರೆ ಶಾಲೆ ತರಗತಿಯನ್ನೇ ನಿಲ್ಲಿಸಬಹುದು. ಹಾಗಾಗಿ ಓಪನ್ ಈವನಿಂಗ್‌ಗೆ (ಸೇರುವ ಮೊದಲು ಶಾಲೆ ನೋಡಲು ಕರೆಯುವ ಸಂಜೆ) ಹೋದಾಗ ಜರ್ಮನ್ ಮೇಷ್ಟ್ರನ್ನೇ ಹುಡುಕಿ ನೇರವಾಗಿ ಕೇಳಿ. ಮಗಳ ತರಗತಿಯಲ್ಲಿ ಐದೇ ಜನ ಇದ್ದರು. ಐದು ಜನ ಇದ್ದದ್ದು ದೊಡ್ಡ ಅನುಕೂಲವೇ ಆಯಿತು. ಪ್ರತಿ ದಿನ ಪ್ರತಿಯೊಬ್ಬರೂ ಮಾತಾಡಲೇಬೇಕು, ಬೇರೆ ದಾರಿ ಇರಲಿಲ್ಲ.

ಪರೀಕ್ಷೆಯ ಆಕಾರವನ್ನು ಮೊದಲ ವಾರವೇ ತಿಳಿದುಕೊಳ್ಳಿ. ಅವಳದು ಎಕ್ಯೂಎ ಬೋರ್ಡು. ಮೂರು ಪೇಪರ್. ಮೊದಲನೆಯದು ಎರಡೂವರೆ ಗಂಟೆ: ಕೇಳುವುದು, ಓದುವುದು, ಅನುವಾದ. 100 ಅಂಕ, ಒಟ್ಟಿನ ಅರ್ಧ ಇದಕ್ಕೇ ಹೋಗುತ್ತೆ. ಎರಡನೆಯದು ಎರಡು ಗಂಟೆ: ಒಂದು ಪುಸ್ತಕ ಮತ್ತು ಒಂದು ಸಿನಿಮಾದ ಮೇಲೆ, ಅಥವಾ ಎರಡು ಪುಸ್ತಕಗಳ ಮೇಲೆ, ಜರ್ಮನ್‌ನಲ್ಲೇ ಪ್ರಬಂಧ. ಇದು ಶೇ. 20. ಮೂರನೆಯದು ಮಾತು, ಸುಮಾರು 21ರಿಂದ 23 ನಿಮಿಷ, ಶೇ. 30. ಇದನ್ನು ಕೇಳಿ ನಾನು ನಿಜವಾಗಿ ಬೆಚ್ಚಿದೆ. ಇಪ್ಪತ್ತೇ ನಿಮಿಷಕ್ಕೆ ಮೂವತ್ತು ಪರ್ಸೆಂಟ್! ಆದರೆ ಅಲ್ಲಿಂದಲೇ ನಮ್ಮ ಓದಿನ ದಾರಿ ತೀರ್ಮಾನವಾಯಿತು: ದಿನಾ ಬಾಯಿ ಬಿಟ್ಟು ಮಾತಾಡಬೇಕು. ನಿಮ್ಮ ಶಾಲೆಯ ಬೋರ್ಡು ಬೇರೆಯಾಗಿದ್ದರೆ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ನೋಡಿಕೊಳ್ಳಿ.

ವಿಭಕ್ತಿ ಪ್ರತ್ಯಯ ಕೈಗೆ ಬಂದದ್ದು

ಅಕ್ಟೋಬರಿನ ಒಂದು ಸಂಜೆ ನಾನು ದೋಸೆ ಹುಯ್ಯುತ್ತಿದ್ದೆ. ಅಡುಗೆಮನೆ ಟೇಬಲ್ ಮೇಲೆ ಪುಸ್ತಕ ಹರಡಿಕೊಂಡು ಮಗಳು ಅಳುವ ಹಾಗಾಗಿದ್ದಳು. "ಅಮ್ಮ, ಈ ಡೇಟಿವ್ ಯಾವಾಗ, ಅಕ್ಯೂಸೇಟಿವ್ ಯಾವಾಗ ಅಂತ ತಲೆಗೇ ಹೋಗ್ತಿಲ್ಲ" ಅಂದಳು. ವಾಕ್ಯ ಹೇಳು ಅಂದೆ. ಇಷ್ ಗೇಬ ಡೇಮ್ ಕಿಂಟ್ ಡೇನ್ ಆಪ್ಫೆಲ್. ಅರ್ಥ ಕನ್ನಡದಲ್ಲಿ ಹೇಳು ಅಂದೆ. "ನಾನು ಮಗುವಿಗೆ ಸೇಬನ್ನು ಕೊಡುತ್ತೇನೆ."

ಸ್ಟೋವ್ ಆರಿಸಿ ಅವಳ ಪಕ್ಕ ಕೂತೆ. ಮಗುವಿ-ಗೆ. ಸೇಬ-ನ್ನು. "ಗೆ" ಚತುರ್ಥಿ, ಅದೇ ನಿನ್ನ ಡೇಟಿವ್. "ಅನ್ನು" ದ್ವಿತೀಯಾ, ಅದೇ ಅಕ್ಯೂಸೇಟಿವ್. ಕನ್ನಡದಲ್ಲಿ ಬಾಲ ಪದದ ಹಿಂದೆ ಇರುತ್ತೆ. ಜರ್ಮನ್‌ನಲ್ಲಿ ಪದದ ಮುಂದಿರುವ ಡೇರ್, ಡೀ, ಡಾಸ್ (ಇಂಗ್ಲಿಷಿನ "ದಿ" ಹಾಗೆ) ಬದಲಾಗುತ್ತೆ. ಕೆಲಸ ಒಂದೇ. ಅವಳ ಮುಖ ನೋಡಬೇಕಿತ್ತು. ಇಂಗ್ಲಿಷಿನಲ್ಲಿ "ಅನ್ನು" ಇಲ್ಲ, "ಗೆ" ಕೂಡ ಎಷ್ಟೋ ಸಲ ಕಾಣುವುದಿಲ್ಲ. ಇಂಗ್ಲಿಷಿನ ಮೂಲಕ ಕಲಿಯುವ ಮಗು ಈ ಭೇದವನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ನಮ್ಮ ಮಕ್ಕಳು ಅದನ್ನು ತೊಟ್ಟಿಲಿನಿಂದ ಕೇಳಿರುತ್ತಾರೆ.

ಅವತ್ತಿನಿಂದ ಒಂದು ಅಭ್ಯಾಸ ಶುರು ಮಾಡಿದೆವು. ನೀವೂ ಮಾಡಿ. ಒಂದು ನೋಟ್‌ಬುಕ್ಕಿನ ಎಡಗಡೆ ಜರ್ಮನ್ ವಾಕ್ಯ, ಬಲಗಡೆ ಕನ್ನಡ ವಾಕ್ಯ. ಕನ್ನಡದ ಪ್ರತ್ಯಯದ ಕೆಳಗೆ ಕೆಂಪು ಗೆರೆ, ಜರ್ಮನ್‌ನಲ್ಲಿ ಅದೇ ಕೆಲಸ ಮಾಡುವ ಪದದ ಕೆಳಗೂ ಕೆಂಪು ಗೆರೆ. ದಿನಕ್ಕೆ ಐದೇ ವಾಕ್ಯ. ಮಗುವಿಗೆ ಕನ್ನಡ ಬರೆಯಲು ಬರದಿದ್ದರೆ ನೀವು ಬರೆದುಕೊಡಿ, ಅಥವಾ ಬಾಯಲ್ಲೇ ಹೇಳಿಸಿ.

ಈ ದಾರಿಯಲ್ಲಿ ಮೊದಲು ಮಾಡಬೇಕಾದದ್ದು "ನನಗೆ" ವಾಕ್ಯಗಳು. ನನಗೆ ಚಳಿ ಆಗ್ತಿದೆ, ಮೀರ್ ಇಸ್ಟ್ ಕಾಲ್ಟ್. ಅದು ನನಗೆ ಇಷ್ಟ, ಡಾಸ್ ಗೆಫೆಲ್ಟ್ ಮೀರ್. ಈ ಪುಸ್ತಕ ನನಗೆ ಸೇರಿದ್ದು, ಡಾಸ್ ಬೂಖ್ ಗೆಹ್ಯೋರ್ಟ್ ಮೀರ್. ಮೂರರಲ್ಲೂ ಕನ್ನಡದ "ಗೆ" ಇದ್ದಲ್ಲಿ ಜರ್ಮನ್ನಿನ ಡೇಟಿವ್ ಇದೆ. ಸಹಾಯ ಮಾಡುವುದು ನಿನಗೆ, ಧನ್ಯವಾದ ಹೇಳುವುದು ನಿನಗೆ, ಉತ್ತರ ಕೊಡುವುದು ನಿನಗೆ. ಜರ್ಮನ್‌ನಲ್ಲೂ ಇವೆಲ್ಲ ಡೇಟಿವ್. ಶಾಲೆಯಲ್ಲಿ ಇವನ್ನು "ಡೇಟಿವ್ ಕ್ರಿಯಾಪದಗಳು" ಅಂತ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ನಮ್ಮವರಿಗೆ ಆ ಪಟ್ಟಿಯಲ್ಲಿ ಬಾಯಿಪಾಠ ಮಾಡಬೇಕಾದವು ಕೆಲವೇ.

ಆ ಕೆಲವನ್ನು ಮಾತ್ರ ಚೆನ್ನಾಗಿ ಗುರುತು ಹಾಕಿಕೊಳ್ಳಿ, ಯಾಕೆಂದರೆ ಕನ್ನಡ ಅಲ್ಲಿ ದಾರಿ ತಪ್ಪಿಸುತ್ತೆ. ನಾವು "ನಿನಗೆ ಫೋನ್ ಮಾಡ್ತೀನಿ" ಅನ್ನುತ್ತೇವೆ. ಜರ್ಮನ್‌ನಲ್ಲಿ ಅದು "ನಿನ್ನನ್ನು": ಇಷ್ ರೂಫ ಡಿಷ್ ಆನ್. ಇದಕ್ಕೆ ತಿರುಗಾಮುರುಗಾ, ನಾವು "ನಿನ್ನನ್ನು ನಂಬ್ತೀನಿ" ಅನ್ನುತ್ತೇವೆ, ಅವರು "ನಿನಗೆ" ಅನ್ನುತ್ತಾರೆ: ಇಷ್ ಗ್ಲೌಬ ಡೀರ್. ಇಂಥವಕ್ಕೆ ನೋಟ್‌ಬುಕ್ಕಿನ ಕೊನೆಯ ಪುಟ ಬಿಡಿ. ಅವಳ ಆ ಪುಟದಲ್ಲಿ ಎರಡು ವರ್ಷಕ್ಕೆ ಹತ್ತೊಂಬತ್ತು ಸಾಲು ಆಗಿದ್ದವು.

ಇನ್ನೂ ಒಂದು ಕಡೆ ಎಚ್ಚರ. ಶಾಲೆಗೆ ಹೋದೆ, ಶಾಲೆಯಲ್ಲಿ ಇದ್ದೆ. ಜರ್ಮನ್‌ನಲ್ಲಿ ಎರಡಕ್ಕೂ "ಇನ್" ಅನ್ನುವ ಒಂದೇ ಪದ, ಆದರೆ ಹೋಗುವಾಗ "ಇನ್ ಡೀ ಶೂಲ", ಇರುವಾಗ "ಇನ್ ಡೇರ್ ಶೂಲ". ಎಲ್ಲಿಗೆ, ಎಲ್ಲಿ ಅಂತ ಕನ್ನಡದಲ್ಲಿ ಕೇಳಿಕೊಂಡರೆ ಯಾವುದು ಅಂತ ತಕ್ಷಣ ಗೊತ್ತಾಗುತ್ತೆ. ಆದರೆ ಇಲ್ಲಿ "ಗೆ" ಬಂದಾಗ ಅಕ್ಯೂಸೇಟಿವ್, "ಅಲ್ಲಿ" ಬಂದಾಗ ಡೇಟಿವ್. "ಗೆ ಅಂದ್ರೆ ಡೇಟಿವ್" ಅಂತ ಕುರುಡಾಗಿ ಹಿಡಿದುಕೊಂಡರೆ ಇಲ್ಲಿ ತಪ್ಪಾಗುತ್ತೆ. ನಾನೇ ಹಾಗೆ ಹೇಳಿಕೊಟ್ಟು ಒಂದು ಟೆಸ್ಟಿನಲ್ಲಿ ಅವಳ ನಾಲ್ಕು ಅಂಕ ಹೋದವು.

ಕೊನೆಯಲ್ಲಿ ಬರುವ ಕ್ರಿಯಾಪದ

ಇಂಗ್ಲಿಷ್ ಮಕ್ಕಳಿಗೆ ಜರ್ಮನ್‌ನಲ್ಲಿ ಅತಿ ಕಷ್ಟ ಅನ್ನಿಸುವುದು ಇದು. "ವೈಲ್" ಅಂದರೆ ಯಾಕೆಂದರೆ. ಅದು ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತೆ. ವೈಲ್ ಇಷ್ ಡಾಸ್ ಬೂಖ್ ಗೆಲೇಜನ್ ಹಾಬ. ಪದದ ಕೆಳಗೆ ಪದ ಇಟ್ಟು ನೋಡಿ: ಯಾಕೆಂದರೆ, ನಾನು, ಆ ಪುಸ್ತಕವನ್ನು, ಓದಿ, ಇದ್ದೇನೆ. ಒಂದು ಪದವೂ ಜಾಗ ಬಿಟ್ಟು ಕದಲಿಲ್ಲ. "ಗೆಲೇಜನ್ ಹಾಬ" ಮತ್ತು "ಓದಿದ್ದೇನೆ" ಒಳಗೂ ಅದೇ ಕ್ರಮ. ಇದನ್ನು ಮೊದಲ ಸಲ ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹಾಗಾಗಿ ಜರ್ಮನ್‌ನಲ್ಲಿ ಉದ್ದ ವಾಕ್ಯ ಬರೆಯುವಾಗ ಮೊದಲು ಕನ್ನಡದಲ್ಲಿ ಯೋಚಿಸಲು ಹೇಳಿ. ಮುಖ್ಯ ವಾಕ್ಯಕ್ಕೆ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ ಕೂರಲೇಬೇಕು, ಮೊದಲನೇ ಜಾಗದಲ್ಲಿ ಏನೇ ಇರಲಿ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇನ್ನೊಂದು. ಜರ್ಮನ್ ಸುದ್ದಿಯಲ್ಲಿ "ಮಂತ್ರಿಗೆ ಹುಷಾರಿಲ್ಲ" ಅನ್ನುವುದಕ್ಕೂ "ಮಂತ್ರಿಗೆ ಹುಷಾರಿಲ್ಲವಂತೆ" ಅನ್ನುವುದಕ್ಕೂ ಕ್ರಿಯಾಪದದ ರೂಪವೇ ಬೇರೆ. ಮೊದಲನೆಯದು "ಇಸ್ಟ್ ಕ್ರಾಂಕ್", ಎರಡನೆಯದು "ಜೈ ಕ್ರಾಂಕ್". ಯಾರೋ ಹೇಳಿದ್ದು, ಬರೆಯುವವನು ತಾನೇ ಹೊಣೆ ಹೊರುತ್ತಿಲ್ಲ ಅನ್ನುವುದು ಆ ಒಂದು ರೂಪದಲ್ಲಿ ಬಂದುಬಿಡುತ್ತೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಎರಡು ಪುಟ ವಿವರಣೆ ಇತ್ತು. ನಾನು "ಅದು ನಮ್ಮ ಅಂತೆ ಕಣೇ ಪುಟ್ಟಿ" ಅಂದೆ, ಮುಗಿಯಿತು. ವ್ಯತ್ಯಾಸ ಇಷ್ಟೇ: ನಾವು "ಅಂತೆ"ಯನ್ನು ಹರಟೆಯಲ್ಲೂ ಬಳಸುತ್ತೇವೆ, ಅವರು ಹೆಚ್ಚಾಗಿ ಪತ್ರಿಕೆ ಮತ್ತು ಸುದ್ದಿಯಲ್ಲಿ.

ನೀನು, ನೀವು ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಡೂ ಅಂದರೆ ನೀನು, ಜೀ ಅಂದರೆ ನೀವು. ಮಾತಿನ ಪರೀಕ್ಷೆಯಲ್ಲಿ ಪರೀಕ್ಷಕರಿಗೆ ಪ್ರಶ್ನೆ ಕೇಳುವಾಗ "ಜೀ" ಬಳಸಬೇಕು. ಅಜ್ಜನ ಹತ್ತಿರ ಮಾತಾಡುವ ಹಾಗೆ ಅಂದರೆ ಸಾಕು, ಮಕ್ಕಳು ತಪ್ಪುವುದಿಲ್ಲ.

ಲಿಂಗದ ವಿಷಯದಲ್ಲಿ ಕನ್ನಡ ಏನೂ ಸಹಾಯ ಮಾಡುವುದಿಲ್ಲ. ನಮ್ಮಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದು ನಪುಂಸಕ ಲಿಂಗ. ಜರ್ಮನ್‌ನಲ್ಲಿ ಹುಡುಗಿಯೂ ನಪುಂಸಕ ಲಿಂಗ, "ಡಾಸ್ ಮೇಡ್ಷೆನ್". ಪದವನ್ನು ಒಂಟಿಯಾಗಿ ಬರೆಯಲೇಬಾರದು, ಲಿಂಗ ತೋರಿಸುವ ಡೇರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಸೇರಿಸಿಯೇ ಬರೆಯಬೇಕು, ಹೇಳಬೇಕು. ಮಗಳು ನೀಲಿ, ಕೆಂಪು, ಹಸಿರು ಪೆನ್ನು ಇಟ್ಟುಕೊಂಡಿದ್ದಳು. "ಉಂಗ್", "ಹೈಟ್", "ಕೈಟ್" ಅಂತ ಮುಗಿಯುವ ಭಾವನಾಮಗಳು ಡೀ, "ಷೆನ್" ಅಂತ ಮುಗಿಯುವ ಪುಟ್ಟ ಪುಟ್ಟ ವಸ್ತುಗಳ ಹೆಸರು ಡಾಸ್. ಇಷ್ಟು ಗೊತ್ತಿದ್ದರೆ ಎಷ್ಟೋ ಪದಗಳ ಹೊರೆ ಇಳಿಯುತ್ತೆ.

ಕಿವಿಗೆ ದಿನಾ ಇಪ್ಪತ್ತು ನಿಮಿಷ

ಡಾಯ್ಚ ವೆಲ್ಲೆ ಅನ್ನುವ ಜರ್ಮನ್ ಪ್ರಸಾರ ಸಂಸ್ಥೆ ನಿಧಾನವಾಗಿ ಓದಿದ ಸುದ್ದಿಯನ್ನು ಬರಹದ ಜೊತೆ ಪುಕ್ಕಟೆ ಕೊಡುತ್ತೆ. ಮೊದಲ ವರ್ಷಕ್ಕೆ ಅದು. ಎರಡನೇ ವರ್ಷಕ್ಕೆ ಎಆರ್‌ಡಿ ವಾಹಿನಿಯ ನೂರು ಸೆಕೆಂಡಿನ ಸುದ್ದಿ, ಅದು ಮಾಮೂಲಿ ವೇಗದಲ್ಲಿ ಇರುತ್ತೆ. ನಾವು ಮಾಡುತ್ತಿದ್ದ ಕ್ರಮ ಹೀಗೆ: ಮೊದಲ ಸಲ ಸುಮ್ನೆ ಕೇಳುವುದು. ಎರಡನೇ ಸಲ ಗೊತ್ತಾದ ಪದ ಬರೆದುಕೊಳ್ಳುವುದು. ಮೂರನೇ ಸಲ ಬರಹ ನೋಡಿಕೊಂಡು ಕೇಳುವುದು. ಆಮೇಲೆ ಅವಳು ನನಗೆ ಆ ಸುದ್ದಿಯನ್ನು ಹೇಳಬೇಕು, ಮೊದಲು ಕನ್ನಡದಲ್ಲಿ, ಆಮೇಲೆ ಜರ್ಮನ್‌ನಲ್ಲಿ ಮೂರು ವಾಕ್ಯ. ನನಗೆ ಜರ್ಮನ್ ಅರ್ಥವಾಗದಿದ್ದರೂ ಅವಳು ಎಲ್ಲಿ ತಡವರಿಸುತ್ತಾಳೆ ಅಂತ ಕಾಣುತ್ತಿತ್ತು. ಅಲ್ಲಿ ಒಂದು ಗುರುತು ಹಾಕಿಕೊಂಡು ಮಾರನೇ ದಿನ ಮೇಷ್ಟ್ರನ್ನು ಕೇಳಿಸುತ್ತಿದ್ದೆ.

ಸುದ್ದಿ ಕೇಳುವುದು ಸುಮ್ನೆ ಕಿವಿಗಾಗಿ ಅಲ್ಲ. ಪಠ್ಯದ ವಿಷಯಗಳೇ ಅವು: ಕುಟುಂಬ, ಡಿಜಿಟಲ್ ಜಗತ್ತು, ವಲಸೆ, ಜನಾಂಗ ದ್ವೇಷ, ಯುರೋಪಿಯನ್ ಯೂನಿಯನ್, ಬರ್ಲಿನ್, ಎರಡು ಜರ್ಮನಿ ಒಂದಾದದ್ದು. 1989 ನವೆಂಬರ್ 9ರಂದು ಬರ್ಲಿನ್ ಗೋಡೆ ಬಿದ್ದದ್ದು, 1990 ಅಕ್ಟೋಬರ್ 3ರಂದು ದೇಶ ಒಂದಾದದ್ದು, 1961ರ ಒಪ್ಪಂದದ ಮೇಲೆ ಟರ್ಕಿಯಿಂದ ಕೆಲಸಗಾರರು ಬಂದದ್ದು. ಇಂಥ ಹತ್ತು ಹದಿನೈದು ಸಂಗತಿ ಬಾಯಲ್ಲಿ ಇರಬೇಕು. ಭಾಷೆ ಚೆನ್ನಾಗಿದ್ದು ಆ ದೇಶದ ಬಗ್ಗೆ ಏನೂ ಹೇಳದಿದ್ದರೆ ಅಂಕ ಕಟ್ ಆಗುತ್ತೆ.

ಪ್ರಬಂಧದ ಪೇಪರಿನ ಬಗ್ಗೆ ಒಂದೇ ಮಾತು. ಪುಸ್ತಕ ಒಳಗೆ ಬಿಡುವುದಿಲ್ಲ, ಡಿಕ್ಷನರಿ ಕೂಡ ಇಲ್ಲ. ಪೂರ್ತಿ ಪ್ರಬಂಧ ಬಾಯಿಪಾಠ ಮಾಡಿದರೆ ಪ್ರಶ್ನೆ ಸ್ವಲ್ಪ ತಿರುಗಿದರೂ ಕೈಕೊಡುತ್ತೆ. ಬದಲಿಗೆ ಪ್ರತಿ ಕೃತಿಗೆ ಹದಿನೈದು ಚಿಕ್ಕ ಉಲ್ಲೇಖ ಕಲಿತು, ವಾರಕ್ಕೆ ಒಂದು ಸಲ ಗಡಿಯಾರ ಇಟ್ಟು ಒಂದು ಗಂಟೆಯಲ್ಲಿ ಮುನ್ನೂರು ಪದ ಬರೆಯಲಿ.

ಸ್ವಂತ ವಿಷಯ ಆರಿಸುವುದು

ಮಾತಿನ ಪರೀಕ್ಷೆಯ ಅರ್ಧಕ್ಕಿಂತ ಹೆಚ್ಚು ಭಾಗ ವಿದ್ಯಾರ್ಥಿ ತಾನೇ ಆರಿಸಿಕೊಂಡು ಓದಿದ ವಿಷಯದ ಮೇಲೆ. ಎರಡು ನಿಮಿಷ ಅವರು ಹೇಳಬೇಕು, ಆಮೇಲೆ ಒಂಬತ್ತು ಹತ್ತು ನಿಮಿಷ ಅದರ ಮೇಲೆ ಚರ್ಚೆ. ತುಂಬ ಮಕ್ಕಳು ಫುಟ್‌ಬಾಲ್, ಕಾರು ಅಂತ ಹೋಗುತ್ತಾರೆ. ನಮ್ಮ ಮಕ್ಕಳು ಮನೆಯ ಕಡೆ ಒಮ್ಮೆ ನೋಡಲಿ ಅಂತ ನನ್ನ ಆಸೆ.

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನನ್ನ ಅಮ್ಮನ ಮನೆಯ ಕೊಟ್ಟಿಗೆ ಮಾಡು ರಿಪೇರಿ ಆಗುತ್ತಿತ್ತು. ಕೆಳಗಿಳಿಸಿದ ಒಂದು ಹಳೇ ಹೆಂಚನ್ನು ತಿರುಗಿಸಿ ನೋಡಿ ಮಗಳು ಕೂಗಿದಳು. ಪಾಚಿ ಕೆರೆದರೆ ಅದರ ಮೇಲೆ ಬಾಸೆಲ್ ಮಿಷನ್ ಹೆಸರು, 1865 ಅಂತ ಇಸವಿ. ಆ ಹೆಂಚು ಮಾಡಿದ ವರ್ಷ ಅಲ್ಲ ಅದು, ಮಂಗಳೂರಿನಲ್ಲಿ ಅವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್ ಅಂದರೆ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ, ಆ ಊರು ಇರುವುದು ಸ್ವಿಟ್ಜರ್ಲೆಂಡಿನ ಜರ್ಮನ್ ಮಾತಾಡುವ ಭಾಗದಲ್ಲಿ. ವಿಷಯ ಸಿಕ್ಕಿತು.

ಮೊದಲು ಅವಳು ಇಟ್ಟ ಹೆಸರು "ಕಿಟೆಲ್ ಅವರ ಜೀವನ". 1853ರಲ್ಲಿ ಬಂದು 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಮೇಲೆ ಅವಳಿಗೆ ನನ್ನಿಂದಲೇ ಬಂದ ಪ್ರೀತಿ. ಮೇಷ್ಟ್ರು ಒಪ್ಪಲಿಲ್ಲ. ಇದು ಕರ್ನಾಟಕದ ಕಥೆ, ಜರ್ಮನ್ ಮಾತಾಡುವ ಸಮಾಜದ ಬಗ್ಗೆ ಇದರಿಂದ ಏನು ಗೊತ್ತಾಗುತ್ತೆ ಅಂತ ಕೇಳಿದರು. ಸರಿಯಾದ ಪ್ರಶ್ನೆ. ಇದನ್ನು ನೀವೂ ಮೊದಲೇ ಕೇಳಿಕೊಳ್ಳಿ. ಆಮೇಲೆ ಅವಳು ವಿಷಯವನ್ನು ತಿರುಗಿಸಿದಳು: ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್‌ನ ರೈತರ, ಕುಶಲಕರ್ಮಿಗಳ ಮನೆಯ ಹುಡುಗರು ಅಷ್ಟೊಂದು ಜನ ಬಾಸೆಲ್ ಮಿಷನ್ ಸೇರಿ ಸಮುದ್ರ ದಾಟಿದ್ದು ಯಾಕೆ? ಅಲ್ಲಿನ ಧರ್ಮಶ್ರದ್ಧೆ, ಅಲ್ಲಿನ ಹಳ್ಳಿಗಳ ಬಡತನ, ಈಗ ಅಲ್ಲಿಯವರು ಆ ಇತಿಹಾಸವನ್ನು ಹೇಗೆ ನೋಡುತ್ತಾರೆ, ಎಲ್ಲ ಅದರೊಳಗೆ ಬಂತು. 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಶುರು ಮಾಡಿದ ಮ್ಯೋಗ್ಲಿಂಗ್ ಅದೇ ಸೀಮೆಯವರು. ಹಾಗಾಗಿ ಒಬ್ಬ ಮನುಷ್ಯನ ಉದಾಹರಣೆಯೂ ಕೈಯಲ್ಲಿತ್ತು.

ಬಾಸೆಲ್ ಮಿಷನ್ ಸಂಗ್ರಹದ ಹಳೇ ಫೋಟೋಗಳನ್ನು ಇಂಟರ್ನೆಟ್‌ನಲ್ಲೇ ನೋಡಬಹುದು, ಮಂಗಳೂರಿನ ಕಾರ್ಖಾನೆಗಳ ಚಿತ್ರವೂ ಇವೆ. ಕೈಬರಹದ ಪತ್ರಗಳಿಗೆ ಮಾತ್ರ ಕೈಹಾಕಬೇಡಿ. ಅವು ಹಳೇ ಜರ್ಮನ್ ಲಿಪಿಯಲ್ಲಿವೆ, ಇವತ್ತಿನ ಜರ್ಮನ್ನರಿಗೇ ಅದನ್ನು ಓದುವುದು ಕಷ್ಟ. ಅವಳು ಅದರಲ್ಲಿ ಎರಡು ವಾರ ಕಳೆದಳು.

ವಿಷಯ ಆರಿಸಿದ ಮೇಲೆ ಜರ್ಮನ್‌ನಲ್ಲಿರುವ ಬರಹಗಳನ್ನೇ ಓದಿ. ಇಂಗ್ಲಿಷಿನಲ್ಲಿ ಓದಿ ಅನುವಾದ ಮಾಡಿಕೊಂಡರೆ ಚರ್ಚೆಯಲ್ಲಿ ಬೇಕಾದ ಪದ ಬಾಯಿಗೆ ಬರುವುದಿಲ್ಲ.

ಪ್ರವಾಸದ ಬಗ್ಗೆ

ಶಾಲೆ ಜರ್ಮನಿಗೆ ಕರೆದುಕೊಂಡು ಹೋಗುವ ಸುದ್ದಿ ಬಂದ ದಿನವೇ ಮಗುವಿನ ಪಾಸ್‌ಪೋರ್ಟ್ ತೆಗೆದು ನೋಡಿ. ಭಾರತದ ಪಾಸ್‌ಪೋರ್ಟ್ ಆದರೆ ಷೆಂಗೆನ್ ವೀಸಾ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕಾಗಬಹುದು, ವಿಚಾರಿಸಿ. ನಾವು ಆರು ವಾರ ಇರುವಾಗ ಶುರು ಮಾಡಿದೆವು, ವೀಸಾ ಅಪಾಯಿಂಟ್‌ಮೆಂಟ್ ಸಿಗಲಿಲ್ಲ. ಉಳಿದ ನಾಲ್ವರು ಬರ್ಲಿನ್‌ಗೆ ಹೋದರು, ಇವಳು ಮನೆಯಲ್ಲಿ ಉಳಿದಳು. ಆ ವಾರ ನೆನೆದರೆ ಈಗಲೂ ಬೇಜಾರಾಗುತ್ತೆ. ನೀವು ಮೂರು ನಾಲ್ಕು ತಿಂಗಳು ಮೊದಲೇ ಶುರು ಮಾಡಿ.

ಮಾತಿನ ಪರೀಕ್ಷೆಯ ದಿನ

ಇದು ಬರಹದ ಪರೀಕ್ಷೆಗಿಂತ ಮೊದಲು, ಏಪ್ರಿಲ್ ಮೇ ಹೊತ್ತಿಗೆ ಬರುತ್ತೆ. ಹಾಗಾಗಿ ಫೆಬ್ರವರಿಯಿಂದಲೇ ಮನೆಯಲ್ಲಿ ಅಣಕು ಪರೀಕ್ಷೆ ಶುರು ಮಾಡಿ. ನಾನು ಕಾಗದದಲ್ಲಿ ಬರೆದ ಜರ್ಮನ್ ಪ್ರಶ್ನೆಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದುತ್ತಿದ್ದೆ. ಕನ್ನಡ ಲಿಪಿ ಜರ್ಮನ್ನಿಗೆ ಚೆನ್ನಾಗಿ ಒಗ್ಗುತ್ತೆ, ಬರೆದದ್ದನ್ನು ಬರೆದ ಹಾಗೇ ಓದುವುದಲ್ವಾ. ಕೆಲವು ಧ್ವನಿಗಳು ಮಾತ್ರ ನಮ್ಮಲ್ಲಿಲ್ಲ, ಎರಡು ಚುಕ್ಕಿ ಇರುವ ಊಕಾರದ ಹಾಗೆ. ಬಾಯೊಳಗೆ "ಈ" ಅನ್ನುತ್ತಾ ತುಟಿಯನ್ನು "ಊ" ಅನ್ನುವ ಹಾಗೆ ದುಂಡಗೆ ಮಾಡಿದರೆ ಆ ಊಕಾರ ಬರುತ್ತೆ.

ಒಳಗೆ ಹೋದ ಮೇಲೆ ಪಠ್ಯದ ವಿಷಯಗಳಿರುವ ಎರಡು ಕಾರ್ಡಿನಲ್ಲಿ ಒಂದನ್ನು ಆರಿಸಿ, ಐದು ನಿಮಿಷ ತಯಾರಿ ಮಾಡಿಕೊಳ್ಳಬೇಕು. ಆ ಐದು ನಿಮಿಷದಲ್ಲಿ ಪೂರ್ತಿ ವಾಕ್ಯ ಬರೆಯುತ್ತಾ ಕೂರಬಾರದು. ಆ ವಿಷಯಕ್ಕೆ ಸೇರಿದ ಮೂರು ಸಂಗತಿ, ಒಂದು ಇಸವಿ, ಪರೀಕ್ಷಕರಿಗೆ ಕೇಳಬೇಕಾದ ಪ್ರಶ್ನೆ, ಇಷ್ಟು ಸಾಕು. ಪ್ರಶ್ನೆ ಕೇಳಲು ಮರೆತರೆ ಅಂಕ ಹೋಗುತ್ತೆ, ಅದಕ್ಕೆ ಪುಟದ ಮೇಲ್ತುದಿಯಲ್ಲೇ ಬರೆದುಕೊಳ್ಳಲಿ. ಅವರು ಕೇಳಿದ್ದು ಅರ್ಥವಾಗದಿದ್ದರೆ ಇಂಗ್ಲಿಷಿಗೆ ಜಾರದೆ ಜರ್ಮನ್‌ನಲ್ಲೇ ಇನ್ನೊಮ್ಮೆ ಹೇಳಿ ಅಂತ ಕೇಳಲಿ: ಕ್ಯೋನ್ನನ್ ಜೀ ಡಾಸ್ ಬಿಟ್ಟ ವೀಡರ್‌ಹೋಲನ್? ಮಗಳು ಅದನ್ನು ಆ ದಿನ ಒಂದೇ ಸಲ ಹೇಳಬೇಕಾಯಿತಂತೆ.